ನಮ್ಮೂರ ಗ್ವಾದಲಿಯಲ್ಲೇ ಕ್ರಿಸ್‌ಮಸ್: ಸಣ್ಣ ಸಭೆಯವರು ಹಬ್ಬಕ್ಕೆ ತಯಾರಾಗುವುದು ಹೇಗೆ

ಗೋದಿಯನ್ನು ಡಿಸೆಂಬರ್ 13ರ ರಾತ್ರಿ ನೆನೆಹಾಕಿ, 14ರ ಮುಂಜಾನೆ ಬಿತ್ತಿ. ಬೇರೆ ಯಾವ ಕೆಲಸ ತಡವಾದರೂ ನಾಲ್ಕು ಜನ ಕೂಡಿ ರಾತ್ರಿ ಕೂತು ಮುಗಿಸಬಹುದು. ಮೊಳಕೆಯನ್ನು ಮಾತ್ರ ಎಳೆದು ಉದ್ದ ಮಾಡಲಿಕ್ಕೆ ಆಗುವುದಿಲ್ಲ.

ಅಗಲವಾದ ಬುಟ್ಟಿ ಅಥವಾ ಹಳೇ ಪರಾತ ತಗೊಳ್ಳಿ. ತಳಕ್ಕೆ ಗೋಣಿಚೀಲದ ತುಂಡು ಹಾಸಿ. ಅದರ ಮೇಲೆ ಎರಡು ಬೆರಳು ದಪ್ಪ ಮಣ್ಣು. ಬರೀ ಎರೆಮಣ್ಣು ಹಾಕಿದರೆ ಒಣಗಿ ಬಿರುಕು ಬಿಡುತ್ತದೆ, ಅದಕ್ಕೆ ಅರ್ಧದಷ್ಟು ಮಸಾರಿ ಮಣ್ಣು, ಒಂದು ಹಿಡಿ ಹಳೇ ಗೊಬ್ಬರ ಬೆರೆಸಿ. ನೆನೆದ ಗೋದಿಯನ್ನು ಕಾಳಿಗೆ ಕಾಳು ತಾಗುವಂತೆ ಹರಡಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ. ಮೂರನೇ ದಿನ ಬಟ್ಟೆ ತೆಗೆದು ಬೆಳಕಿಗೆ ಇಡಿ. ಕತ್ತಲಲ್ಲೇ ಬಿಟ್ಟರೆ ದಸರೆಯ ಘಟದ ಸಸಿ ಹಾಗೆ ಹಳದಿ ಬರುತ್ತದೆ. ದಿನಕ್ಕೆ ಎರಡು ಸಲ ನೀರು ಚಿಮುಕಿಸಿದರೆ ಸಾಕು. 24ರ ಹೊತ್ತಿಗೆ ಆರು ಬೆರಳು ಎತ್ತರ ಹಸಿರು ನಿಂತಿರುತ್ತದೆ. ಇದು ನಮ್ಮ ಗೋದಲಿಯ ಮುಂದಿನ ಹೊಲ. ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ನಮ್ಮ ಮಾತಿನಲ್ಲಿ ಗ್ವಾದಲಿ; ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಿಂದ ಕಟ್ಟುವುದಕ್ಕೂ ಅದೇ ಹೆಸರು.

ನಾನು ಗುಳೇದಗುಡ್ಡದ ಹತ್ತಿರದ ಒಂದು ಹಳ್ಳಿಯವಳು. ಬಟ್ಟೆ ಹೊಲಿಯುವುದು ನನ್ನ ಕಸುಬು. ಗುಳೇದಗುಡ್ಡಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಬಂದದ್ದು 1851ರಲ್ಲಿ, ಹಾಗಾಗಿ ಈ ಸೀಮೆಗೆ ಕ್ರಿಸ್‌ಮಸ್ ಹೊಸ ಹಬ್ಬವೇನಲ್ಲ. ನಮ್ಮ ಸಭೆ, ಅಂದರೆ ನಮ್ಮ ಚರ್ಚಿಗೆ ಸೇರಿದವರು, ಮಾತ್ರ ಸಣ್ಣದು, 43 ಮನೆ. ಸ್ತ್ರೀ ಸಂಘದ ಲೆಕ್ಕ ಬರೆಯಲು ನನ್ನನ್ನು ಕೂರಿಸಿ 19 ವರ್ಷ ಆಯಿತು. ಲೆಕ್ಕದ ಜೊತೆಗೆ ಹಬ್ಬದ ಕೆಲಸವೂ ಮೆಲ್ಲಗೆ ನನ್ನ ಮೇಲೇ ಬಂತು. ಯಾರೂ ಹೇರಲಿಲ್ಲ, ನಾನೂ ಬೇಡ ಅನ್ನಲಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೆಳಗೆ ಬರೆಯುವುದೆಲ್ಲ ಅದರಿಂದ ತೆಗೆದದ್ದು.

ಮೊದಲೇ ಒಂದು ಮಾತು. ಪೇಟೆಗೆ ಹೋಗುವ ಮುಂಚೆ ಊರೊಳಗೆ ಒಂದು ಸುತ್ತು ಹಾಕಿ. ಹಬ್ಬಕ್ಕೆ ಬೇಕಾದದ್ದರಲ್ಲಿ ಮುಕ್ಕಾಲು ಭಾಗ ಹಿತ್ತಲಲ್ಲಿ, ಬಣವೆಯಲ್ಲಿ, ಅಟ್ಟದ ಮೇಲೆ ಬಿದ್ದಿರುತ್ತದೆ. ನಾನು ಇದನ್ನು ಕಲಿಯಲು ಆರು ವರ್ಷ ಹಿಡಿಯಿತು. ಆ ಆರು ವರ್ಷದ ಪ್ಲಾಸ್ಟಿಕ್ ಹಾರ, ಮಿಂಚುವ ಚೆಂಡು, ಹಾಡು ಹೇಳುವ ಗಂಟೆ ಎಲ್ಲ ಒಂದು ಡ್ರಮ್ಮಿನಲ್ಲಿ ತುಂಬಿಟ್ಟಿದ್ದೇವೆ. ಇಲಿಗಳೂ ಮುಟ್ಟಿಲ್ಲ.

ಬಂಡಿ ಗಾಲಿ

ಆಗಮನ ಕಾಲ ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ರವಿವಾರ. ಮೊದಲನೆಯದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಅಷ್ಟರೊಳಗೆ ಸುಣ್ಣ ಬಳಿದು, ಮಾಳಿಗೆ ಮೇಲಿನ ಹುಲ್ಲು ಕಿತ್ತು, ಜಮಖಾನೆ ಝಾಡಿಸಿ ಮುಗಿದಿರಬೇಕು. ದೀಪಾವಳಿಗೆ ಊರೆಲ್ಲ ಸುಣ್ಣ ಹಚ್ಚುವಾಗಲೇ ಚರ್ಚಿಗೂ ಹಚ್ಚಿಸಿಬಿಡಿ. ಆಮೇಲೆ ಆಳು ಸಿಗುವುದಿಲ್ಲ.

ನಾಲ್ಕು ರವಿವಾರಕ್ಕೆ ನಾಲ್ಕು ಮೇಣಬತ್ತಿ ಹಚ್ಚುವ ಹಸಿರು ಎಲೆಯ ಬಳೆಯನ್ನು ನಾವೂ ಮೊದಲು ಅಂಗಡಿಯಿಂದಲೇ ತಂದಿದ್ದೆವು. ಆಮೇಲೆ ನಿವೃತ್ತರಾದ ಒಬ್ಬ ಸಭಾಪಾಲಕರು (ಚರ್ಚಿನ ಪಾದ್ರಿ) ಅದರ ಕಥೆ ಹೇಳಿದರು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ವಿಖೆರ್ನ್ ಎಂಬ ಪಾದ್ರಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. ಅವರು ಒಂದು ಹಳೇ ಬಂಡಿ ಗಾಲಿಯ ಮೇಲೆ ಮೇಣಬತ್ತಿ ನಿಲ್ಲಿಸಿದರು. ರವಿವಾರಕ್ಕೆ ದೊಡ್ಡದು, ಉಳಿದ ದಿನಕ್ಕೆ ಸಣ್ಣದು. ಅದೇ 1839ರಲ್ಲಿ ಬಾಸೆಲ್ ಮಿಶನ್‌ನವರು ನಮ್ಮ ಹುಬ್ಬಳ್ಳಿಯಲ್ಲೂ ಕೆಲಸ ಶುರು ಮಾಡಿದ್ದರು ಅಂತ ಸಭಾಪಾಲಕರು ಹೇಳಿದಾಗ, ನನ್ನ ಕಣ್ಣು ಕಿಟಕಿಯಾಚೆ ಹೋಯಿತು. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟು ಮನೆಯ ಹಿತ್ತಲಲ್ಲಿ ಗಾಲಿ ಗೋಡೆಗೆ ಒರಗಿ ಕೂತಿಲ್ಲ?

ಕಟ್ಟಿಗೆಯ ಗಾಲಿ ಭಾರ ಇರುತ್ತದೆ, ತೂಗು ಹಾಕಲಿಕ್ಕೆ ಹೋಗಬೇಡಿ. ಬಲಿಪೀಠದ ಎಡಕ್ಕೆ ನಾಲ್ಕು ಇಟ್ಟಿಗೆಯ ಮೇಲೆ ಮಲಗಿಸಿ. ಹಿಂದಿನ ದಿನವೇ ತೊಳೆದು ಬಿಸಿಲಿಗೆ ಒಣಗಿಸಿ. ತೆಂಗಿನ ಚಿಪ್ಪಿನಲ್ಲಿ ಮರಳು ತುಂಬಿ ಮೇಣಬತ್ತಿ ನೆಡಿ, ಅಲುಗುವುದಿಲ್ಲ. ಹಸಿರಿಗೆ ಬೇವು ಚೆಂದ ಕಾಣುತ್ತದೆ, ಆದರೆ ಮೂರು ದಿನಕ್ಕೆ ಎಲೆ ಉದುರಿಸುತ್ತದೆ. ಪ್ರತಿ ಶನಿವಾರ ಹೊಸದು ಕಟ್ಟುವುದಾದರೆ ಬೇವು, ಇಲ್ಲವಾದರೆ ಅಶೋಕದ ಎಲೆ. ಮೇಣಬತ್ತಿ ಹಚ್ಚುವ ಕೆಲಸ ಸಭೆಯ ಅತಿ ಸಣ್ಣ ಮಗುವಿಗೆ. ಇದಕ್ಕೆ ಜಗಳ ಆಗುತ್ತದೆ. ಆಗಲಿ.

ನಕ್ಷತ್ರ

ಡಿಸೆಂಬರ್ 1ರ ಸಂಜೆ ಚರ್ಚಿನ ಮಾಳಿಗೆಯ ಮೇಲೆ ದೊಡ್ಡ ನಕ್ಷತ್ರ ಏರಬೇಕು. ಪೇಟೆಯ ನಕ್ಷತ್ರ ಮಡಚಿ ಬರುತ್ತದೆ, ಒಂದೇ ಮೂಡಗಾಳಿಗೆ ಹರಿದು ಹೋಗುತ್ತದೆ. ಬಿದಿರಿನದು ಕಟ್ಟಿದರೆ ಚೌಕಟ್ಟು ಐದಾರು ವರ್ಷ ಬಾಳುತ್ತದೆ, ಹಾಳೆ ಮಾತ್ರ ಬದಲಿಸಬೇಕು.

ಬುಟ್ಟಿ ಹೆಣೆಯುವ ಮೇದಾರರ ಹತ್ತಿರ ಹತ್ತು ಬಿದಿರು ಸೀಳು ಕೇಳಿ, ಒಂದೊಂದೂ ಎರಡು ಮೊಳ ಉದ್ದ. ಒಂದೇ ಅಳತೆ ಇರಲಿ. ಒಂದು ಸೀಳು ಒಂದು ಇಂಚು ಹೆಚ್ಚಾದರೂ ನಕ್ಷತ್ರ ಸೊಟ್ಟ ಬರುತ್ತದೆ. ಕೈ ಎತ್ತದೆ ಪೆನ್ಸಿಲಿನಲ್ಲಿ ಮಕ್ಕಳು ನಕ್ಷತ್ರ ಬರೆಯುತ್ತಾರಲ್ಲ, ಹಾಗೆ ನೆಲದ ಮೇಲೆ ಐದು ಸೀಳು ಜೋಡಿಸಿ. ಐದು ತುದಿ ಕಟ್ಟಿ. ಒಳಗೆ ಸೀಳುಗಳು ಒಂದರ ಮೇಲೊಂದು ಹಾಯುವ ಐದು ಜಾಗವನ್ನೂ ಬಿಗಿಯಿರಿ. ತಂತಿ ಬೇಡ, ಜಾರುತ್ತದೆ. ಹತ್ತಿ ಹುರಿಯನ್ನು ನೀರಿನಲ್ಲಿ ಅದ್ದಿ ಕಟ್ಟಿದರೆ ಒಣಗಿದ ಮೇಲೆ ಕಚ್ಚಿ ಹಿಡಿಯುತ್ತದೆ. ಇಂಥವು ಎರಡು ಮಾಡಿ, ಒಂದರ ಮೇಲೊಂದು ಇಟ್ಟು ತುದಿಗೆ ತುದಿ ಕಟ್ಟಿ. ಈಗ ಚಪ್ಪಟೆಯಾಗಿ ಹಪ್ಪಳದ ಹಾಗೆ ಕಾಣುತ್ತದೆ, ಗಾಬರಿ ಬೇಡ. ಒಂದು ಗೇಣು ಉದ್ದದ ಐದು ತುಂಡು ತಗೊಂಡು, ಒಳಗಿನ ಐದು ಗಂಟಿನ ನಡುವೆ ಒಂದೊಂದಾಗಿ ನೂಕಿ ನಿಲ್ಲಿಸಿ. ಹೊಟ್ಟೆ ಉಬ್ಬಿ ಬರುತ್ತದೆ. ನಾನು ಇದನ್ನು ಎಷ್ಟು ವರ್ಷ ಮಾಡಿದ್ದರೂ ಆ ಕ್ಷಣಕ್ಕೆ ಮಕ್ಕಳ ಜೊತೆ ನಾನೂ ಕೂಗುತ್ತೇನೆ.

ಹಾಳೆ ಅಂದರೆ ಗಾಳಿಪಟದ ತೆಳು ಹಾಳೆ. ಅಂಟಿಗೆ ಮೈದಾ ಕುದಿಸಿ. ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿದರೆ ಜಿರಳೆ, ಇಲಿ ಹತ್ತಿರ ಬರುವುದಿಲ್ಲ. ಅದು ವಿಷ, ಆದ್ದರಿಂದ ಅಂಟು ಹಚ್ಚುವ ಕೆಲಸ ದೊಡ್ಡವರದು, ಆಮೇಲೆ ಕೈ ಸಾಬೂನಿನಿಂದ ತೊಳೆಯಬೇಕು. ಹಿಂಬದಿಯ ಒಂದು ಪಾಲು ಅಂಟಿಸದೆ ಬಾಗಿಲು ಬಿಡಿ, ಬಲ್ಬ್ ಹಾಕಲಿಕ್ಕೆ. ಎಲ್‌ಇಡಿ ಬಲ್ಬೇ ಹಾಕಿ. ಹಳೇ ಕಾಲದ 60 ವ್ಯಾಟಿನ ಬಲ್ಬ್ ಹಾಕಿ ನಾವು ಒಂದು ಸಲ ಹೊಳೆಯುವ ನಕ್ಷತ್ರದ ಬದಲು ಉರಿಯುವ ನಕ್ಷತ್ರ ನೋಡಿದ್ದೇವೆ. ಪಕ್ಕದ ಮನೆಯ ಅಜ್ಜಿ ಕೈಮುಗಿದಿದ್ದರು.

ಗ್ವಾದಲಿ

ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಕೂಸನ್ನು ಗೋದಲಿಯಲ್ಲಿ ಮಲಗಿಸಿದಳು ಅಂತ ಇದೆ. ಗೋದಲಿ ಅಂದರೇನು ಅಂತ ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯೊಳಗೇ ಗ್ವಾದಲಿ ಇದೆ. ನಮ್ಮ ಹಳೇ ಮನೆಗಳನ್ನು ನೋಡಿದ್ದೀರಲ್ಲ? ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅಲ್ಲಿಂದ ಮೊಳಕಾಲೆತ್ತರ ಮೇಲೆ ಪಡಸಾಲೆ, ಅಲ್ಲಿ ಮಂದಿ. ಎರಡರ ನಡುವಿನ ಅಂಚಿನಲ್ಲಿ ಗ್ವಾದಲಿ. ರಾತ್ರಿ ಪಡಸಾಲೆಯಲ್ಲಿ ಮಲಗಿದರೆ ಎತ್ತು ಮೆಲುಕು ಹಾಕುವುದು ಕೇಳಿಸುತ್ತದೆ. ನನ್ನ ಅತ್ತೆಗೆ ಹೊಲಕ್ಕೆ ಹೋಗುವ ದಿನಗಳಲ್ಲಿ ಕೂಸನ್ನು ಒಣ ಹೊಟ್ಟು ಹಾಸಿದ ಖಾಲಿ ಗ್ವಾದಲಿಯಲ್ಲಿ ಮಲಗಿಸಿ ಅಡುಗೆ ಮಾಡಿದ ನೆನಪಿತ್ತು. ಉರುಳಿ ಬೀಳುವುದಿಲ್ಲ, ಗಾಳಿ ತಾಗುವುದಿಲ್ಲ.

ಅದಕ್ಕೇ ನಾನು ಹೇಳುವುದು, ಗೋದಲಿ ಕಟ್ಟುವಾಗ ಚಿತ್ರದ ಪುಸ್ತಕ ನೋಡಬೇಡಿ, ನಿಮ್ಮ ಮನೆ ನೋಡಿ. ಹತ್ತಿಯನ್ನು ಹಿಮ ಅಂತ ಉದುರಿಸಬೇಡಿ. ನಮ್ಮ ಕಡೆ ಹತ್ತಿಗೆ ಹತ್ತಿ ಅಂತಲೇ ಬೆಲೆ ಇದೆ.

ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಬೆಂಚು ಸಾಕು. ಹಿಂದಿನ ಅರ್ಧಕ್ಕೆ ಇಟ್ಟಿಗೆ ಇಟ್ಟು ಎತ್ತರ ಮಾಡಿ, ಅದು ಪಡಸಾಲೆ. ಮುಂದಿನ ಅರ್ಧ ದನದ ಜಾಗ. 22ನೇ ತಾರೀಖೇ ಎರಡನ್ನೂ ಮಣ್ಣು, ಸಗಣಿಯಿಂದ ಸಾರಿಸಿ. ಒಣಗಲು ಎರಡು ದಿನ ಬೇಕು, ಥಂಡಿಯಲ್ಲಿ ಬೇಗ ಆರುವುದಿಲ್ಲ. ನಾಲ್ಕು ಕವೆಗೋಲು ನೆಟ್ಟು ಮೇಲೆ ಕಣಿಕೆ (ಜೋಳದ ಒಣ ದಂಟು) ಹೊದಿಸಿ. ಹಿಂಗಾರಿ ಜೋಳ ಡಿಸೆಂಬರಿನಲ್ಲಿ ಇನ್ನೂ ಹೊಲದಲ್ಲಿ ಹಸಿರಾಗಿ ನಿಂತಿರುತ್ತದೆ, ಅದನ್ನು ಕಿತ್ತು ತರಬೇಡಿ. ಹೋದ ವರ್ಷದ ಬಣವೆಯಿಂದ ಒಂದು ಸಿವುಡು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಅಂಚಿನಲ್ಲಿ ಹಸಿ ಮಣ್ಣಿನಿಂದ ಅಂಗೈಯಷ್ಟು ಗ್ವಾದಲಿ ತೀಡಿ.

ಎತ್ತಿಗೆ ಜೂನ್ ಜುಲೈ ತಿಂಗಳಲ್ಲೇ ತಯಾರಿ ಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರು ಎತ್ತು ಮಾಡುವಾಗ ಒಂದು ಜೋಡಿ ಹೆಚ್ಚು ಕೇಳಿ ಇಟ್ಟುಕೊಳ್ಳಿ. ಅವು ಸುಡದ ಮಣ್ಣಿನವು, ಹನಿ ನೀರು ಬಿದ್ದರೂ ಕರಗುತ್ತವೆ. ಹೊಟ್ಟು ತುಂಬಿದ ಡಬ್ಬಿಯಲ್ಲಿ ಹುಗಿದಿಡಿ. ನಮ್ಮೂರ ಕುಂಬಾರ ಕಾಕಾ ಈಗ ಕೇಳದೆಯೇ, "ತಗೋರಿ ಅಕ್ಕಾರ, ನಿಮ್ಮ ಏಸಪ್ಪನ ಎತ್ತು" ಅಂತ ಕಳಿಸುತ್ತಾರೆ. ಬೆಳಗಾವಿ ಕಡೆಯವರಾದರೆ ಗೋಕಾಕದ ಬಣ್ಣದ ಗೊಂಬೆ ಸಿಗುತ್ತವೆ, ಹಣ್ಣಿನ ಬುಟ್ಟಿಯೂ ಸಿಗುತ್ತದೆ. ದುಡ್ಡು ಕೊಟ್ಟು ತರುವುದೇ ಆದರೆ ಅಂಥದ್ದನ್ನು ತನ್ನಿ.

ಮಂದಿಯನ್ನು ನಾನು ಬಟ್ಟೆಯಲ್ಲೇ ಮಾಡುತ್ತೇನೆ. ಒಂದು ಗೇಣಿನ ಎರಡು ಕಡ್ಡಿ ಅಡ್ಡಡ್ಡ ಕಟ್ಟಿ, ಹಳೇ ಬನಿಯನ್ ಸುತ್ತಿ ಮೈ ತುಂಬಿಸಿ, ತಲೆಗೆ ಹತ್ತಿ. ಮರಿಯಳಿಗೆ ಇಳಕಲ್ ಸೀರೆಯ ತುಂಡು, ಗುಳೇದಗುಡ್ಡ ಖಣದ ಕುಪ್ಪಸ. ಖಣದ ಅಂಚಿನ ಚೂರು ಹೊಲಿಗೆಯವರ ಬುಟ್ಟಿಯಲ್ಲಿ ಯಾವಾಗಲೂ ಇರುತ್ತವೆ, ಸುಮ್ನೆ ಕೇಳಿ. ಸೆರಗು ತಲೆ ಮೇಲೆ ಬರಬೇಕು, ಕೆಂಪು ಭಾಗ ಎದುರಿಗೆ ಕಾಣಬೇಕು. ಯೋಸೇಫನಿಗೆ ಧೋತರ, ತಲೆಗೆ ರುಮಾಲು, ಕೈಗೆ ಬಾಚಿ. ಬಡಿಗ ಅಲ್ವಾ ಅವನು. ಕುರುಬರಿಗೆ ಕಂಬಳಿಯ ಚೂರು. ಕೂಸಿಗೆ ಹೊಸ ಬಟ್ಟೆ ಬೇಡ. ಬಾಣಂತಿ ಮನೆಯಲ್ಲಿ ಕೂಸು ಸುತ್ತುವುದು ತೊಳೆದು ತೊಳೆದು ಮೆತ್ತಗಾದ ಹಳೇ ಸೀರೆಯಲ್ಲೇ. ಕೂಸನ್ನು 24ರ ರಾತ್ರಿ ಆರಾಧನೆಯಲ್ಲೇ ಇಡಬೇಕು. ಅಲ್ಲಿಯ ತನಕ ಗ್ವಾದಲಿ ಖಾಲಿ ಇರಲಿ. ಮಕ್ಕಳು ಬಂದು ಬಂದು ಇಣುಕುತ್ತಾರೆ.

ಜೀವಂತ ಪ್ರಾಣಿ ನಿಲ್ಲಿಸುವ ಆಸೆ ಯುವಕ ಸಂಘದವರಿಗೆ ಯಾವಾಗಾದರೂ ಬಂದೇ ಬರುತ್ತದೆ. ಅದೇನೂ ತಪ್ಪಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ನಿಜವಾದ ಎತ್ತು, ಕತ್ತೆಯನ್ನೇ ನಿಲ್ಲಿಸಿದ್ದರು. ನಮ್ಮವರು 24ರ ಸಂಜೆ ಆಡೊಂದನ್ನು ತಂದು ಕಟ್ಟಿದರು. ಹಾಡು ಅಭ್ಯಾಸ ಮುಗಿಸಿ ಬರುವಷ್ಟರಲ್ಲಿ ಹತ್ತು ದಿನದ ಗೋದಿ ಹೊಲ ಬೋಳಾಗಿತ್ತು, ಯೋಸೇಫನ ರುಮಾಲು ಆಡಿನ ಬಾಯಲ್ಲಿತ್ತು. ಆಡು ತರುವುದಾದರೆ ಹಗ್ಗ ಒಂದು ಮಾರು ದೂರದಲ್ಲಿ ಕಟ್ಟಿ, ಒಬ್ಬ ಹುಡುಗನನ್ನು ಕಾವಲಿಗೆ ಕೂರಿಸಿ. ಎರಡನೇ ಪರಾತದಲ್ಲಿ ಗೋದಿ ಬಿತ್ತಿ ಮನೆಯಲ್ಲಿ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಮನೆ ಮನೆಗೆ ಹಾಡು

43 ಮನೆ, ನಾಲ್ಕು ರಾತ್ರಿ. 18ರಿಂದ 21. ಒಂದು ಮನೆಗೆ ಹತ್ತು ನಿಮಿಷ ಲೆಕ್ಕ ಹಿಡಿಯಿರಿ: ಒಂದು ಹಾಡು, ಬೈಬಲಿನ ನಾಲ್ಕು ವಚನ, ಪ್ರಾರ್ಥನೆ. ಇನ್ನೊಂದು ಹಾಡು ಹೇಳಿ ಅಂತ ಎಲ್ಲರೂ ಹಟ ಹಿಡಿಯುತ್ತಾರೆ. ಒಪ್ಪಿದಿರೋ, ಕೊನೆಯ ಮನೆಯವರು ಚಾದರ ಹೊದ್ದು ಮಲಗಿರುತ್ತಾರೆ. ಪೇಟಿ (ಹಾರ್ಮೋನಿಯಂ) ಹೊರುವ ಹುಡುಗನಿಗೆ ಹೆಗಲಿಗೆ ಅಗಲ ಪಟ್ಟಿ ಹೊಲಿದು ಕೊಡಿ. ಡೋಲಕ್ಕಿನ ಚರ್ಮ ಇಬ್ಬನಿಗೆ ಸಡಿಲ ಬೀಳುತ್ತದೆ, ಬಟ್ಟೆ ಹೊದಿಸಿ ಒಯ್ಯಿರಿ. ಧ್ವನಿವರ್ಧಕ ರಾತ್ರಿ 10ಕ್ಕೆ ಬಂದ್, ಅದು ಕಾನೂನು. ಹಳ್ಳಿಯ ಓಣಿಗೆ ಮೈಕ್ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಚಹಾದ ವಿಷಯ ಮೊದಲೇ ತೀರ್ಮಾನ ಮಾಡಿ. ಹನ್ನೊಂದು ಮನೆ, ಹನ್ನೊಂದು ಚಹಾ ಆದರೆ ಹಾಡುವವರ ಗತಿ ಏನು? ರಾತ್ರಿಗೆ ಎರಡೇ ಮನೆಯಲ್ಲಿ ಚಹಾ ಅಂತ ರವಿವಾರ ಸಭೆಯಲ್ಲೇ ಹೆಸರು ಓದಿಬಿಡಿ. ಕಾಣಿಕೆ ಡಬ್ಬಿ ಅದೇ ರಾತ್ರಿ ಇಬ್ಬರ ಮುಂದೆ ಎಣಿಸಿ ಬರೆಯಿರಿ, ನಾಳೆ ಅನ್ನಬೇಡಿ.

ಆ ವರ್ಷ ಸಾವಾದ ಮನೆಗೆ ತಪ್ಪದೆ ಹೋಗಬೇಕು, ಆದರೆ ಡೋಲಕ್ ಹೊರಗೇ ಇಟ್ಟು ಹೋಗಿ. ಅವರು ನಕ್ಷತ್ರ ಕಟ್ಟಿರುವುದಿಲ್ಲ. ಕೂತು, ಮೆಲ್ಲಗೆ ಒಂದು ಹಾಡು. ಹೋದವರಿಗೆ ಇಷ್ಟವಾದ ಹಾಡು ಯಾವುದು ಅಂತ ಮೊದಲೇ ಕೇಳಿಕೊಂಡಿರಿ. ಅವತ್ತಿನ ಕೊನೆಯ ಮನೆ ಅದೇ ಆಗುವಂತೆ ದಾರಿ ಹಾಕಿ, ಎದ್ದು ಹೋಗುವ ಅವಸರ ಇರಬಾರದು.

ಒಂದು ರಾತ್ರಿಯ ಮಾತು ಹೇಳುತ್ತೇನೆ. ತೋಟದ ಮನೆಯೊಂದಕ್ಕೆ ಹೋಗಿ ವಾಪಸು ಬರುತ್ತಿದ್ದೆವು. ದಾರಿಯ ಹೊಲದಲ್ಲಿ ಕುರಿಗಾರರು ಹಿಂಡು ನಿಲ್ಲಿಸಿದ್ದರು. ಗೊಬ್ಬರಕ್ಕೆ ಅಂತ ರೈತರು ಹೀಗೆ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ನಾಯಿ ಬೊಗಳಿತು, ಯಾರೋ ಟಾರ್ಚ್ ಬಿಟ್ಟರು. ನಮ್ಮ ಹುಡುಗರಿಗೆ ಉಮೇದು ಬಂತು, ಅಲ್ಲೇ ಬದುವಿನ ಮೇಲೆ ನಿಂತು ಕುರುಬರ ಹಾಡು ಹಾಡಿದರು. ಕಂಬಳಿ ಹೊದ್ದ ಒಬ್ಬ ಅಜ್ಜ ಬೆಂಕಿಯ ಹತ್ತಿರದಿಂದ ಎದ್ದು ಬಂದು ಪೂರಾ ಕೇಳಿದ. ಆಮೇಲೆ ನನ್ನನ್ನು ಕೇಳಿದ:

"ಇದು ನಮ್ಮಂಥಾವರ ಮ್ಯಾಲಿನ ಹಾಡೇನವಾ?"

"ಹೌದಜ್ಜಾ. ದೇವದೂತ ಬಂದು ಹೇಳಿದ ಕೂಡಲೇ ಕುರುಬರು ಊರಿಗೆ ಓಡಿ ಹೋಗಿ ಕೂಸನ್ನ ನೋಡಿದರು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾರ ಹಿಂಡು ಕಾದಾವ್ರು ಯಾರು?"

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮರುದಿನ ಸಭಾಪಾಲಕರನ್ನು ಕೇಳಿದೆ, ಅವರೂ ನಕ್ಕರು. ಆ ವರ್ಷದಿಂದ ನಮ್ಮ ನಾಟಕದಲ್ಲಿ ಒಬ್ಬ ಕುರುಬ ಹಿಂಡಿನ ಹತ್ತಿರವೇ ಉಳಿಯುತ್ತಾನೆ. ಸಂಡೇ ಸ್ಕೂಲಿನಲ್ಲಿ ಮಾತಾಡಲು ನಾಚುವ ಮಗು ಯಾವಾಗಲೂ ಒಂದಿರುತ್ತದಲ್ಲ, ಆ ಪಾತ್ರ ಅದಕ್ಕೆ. ಎಲ್ಲರೂ ಓಡಿ ಹೋದ ಮೇಲೆ ರಂಗದ ಮೇಲೆ ಅದೊಂದೇ, ಕೋಲು ಹಿಡಿದು ನಿಂತಿರುತ್ತದೆ. ಒಂದು ಮಾತೂ ಇಲ್ಲ. ಅತಿ ಜಾಸ್ತಿ ಚಪ್ಪಾಳೆ ಅದಕ್ಕೇ ಬೀಳುತ್ತದೆ.

ನಾಟಕದ ಬಗ್ಗೆ ಇನ್ನೆರಡು ಮಾತು. ಇದು ಶ್ರೀಕೃಷ್ಣ ಪಾರಿಜಾತದ ಆಟದ ಸೀಮೆ, ಬಯಲಾಟ ನೋಡಿ ಬೆಳೆದ ಮಂದಿ. ಹಾಗಾಗಿ ಎಲ್ಲ ಹುಡುಗರಿಗೂ ಕೂಸನ್ನು ಕೊಲ್ಲಿಸಲು ಹೊರಟ ರಾಜ ಹೆರೋದನೇ ಆಗಬೇಕು. ಕತ್ತಿ ಇದೆ, ಕಿರೀಟ ಇದೆ, ಅಬ್ಬರಿಸಬಹುದು. ಹೆರೋದನ ಪ್ರವೇಶಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ, ಕೂಸು ಹುಟ್ಟುವುದು ತಡವಾಗುತ್ತದೆ. ಇನ್ನು ನಕ್ಷತ್ರ ನೋಡಿ ಕೂಸನ್ನು ಕಾಣಲು ಬಂದವರಿಗೆ ನಮ್ಮ ಹಳೇ ಬೈಬಲಿನಲ್ಲಿ ಮೂಡಣ ದೇಶದ 'ಜೋಯಿಸರು' ಅಂತ ಇದೆ. ಒಬ್ಬ ಹುಡುಗ ಪಂಚಾಂಗ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಬಿಟ್ಟೆವು, ಚೆನ್ನಾಗಿತ್ತು. ಅವರು ಮೂವರೇ ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ, ಕಾಣಿಕೆ ಮಾತ್ರ ಮೂರು. ಮಕ್ಕಳು ಜಾಸ್ತಿ ಇದ್ದರೆ ಐದು ಜನರನ್ನು ಕಳಿಸಿ.

ತಾಟು ಮತ್ತು ಹುಗ್ಗಿ

20ರಿಂದ 23ರ ತನಕ ಎಣ್ಣೆ ಬಾಣಲಿಯ ದಿನಗಳು. ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ, ಶೇಂಗಾ ಉಂಡಿ, ಅವಲಕ್ಕಿ ಚೂಡಾ. ಇವನ್ನು ಮಾಡುವುದು ನಾನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೀಪಾವಳಿಗೆ ನಿಮ್ಮ ಮನೆಗೆ ಯಾರ ಯಾರ ತಾಟು ಬಂದಿತ್ತು ಅಂತ ಬರೆದಿಟ್ಟುಕೊಂಡಿರಿ, ರಂಜಾನಿಗೆ ಸುರಕುಂಬಾ ಕಳಿಸಿದವರನ್ನೂ ಸೇರಿಸಿ. ಒಂದು ಮನೆಯೂ ಬಿಟ್ಟು ಹೋಗಬಾರದು. ಊರ ತಾಟುಗಳು 24ರ ಮಧ್ಯಾಹ್ನದೊಳಗೆ ಹೋಗಿಬಿಡಲಿ, ಅಂದರೆ ಅಡುಗೆಮನೆಗೆ ಮಾಂಸ ಬರುವ ಮುಂಚೆ. ನೆರೆಯವರು ಕೇಳುವುದಿಲ್ಲ, ನಾವೇ ತಿಳಿದು ಮಾಡಬೇಕು.

ಅದೇ ಕಾರಣಕ್ಕೆ ನಮ್ಮ ಪ್ರೀತಿ ಭೋಜನ ಶಾಕಾಹಾರ. ಯುವಕ ಸಂಘದವರು ಪ್ರತಿ ವರ್ಷ ಬಿರಿಯಾನಿ ಅಂತ ಎದ್ದು ನಿಲ್ಲುತ್ತಾರೆ, ಪ್ರತಿ ವರ್ಷ ಸೋಲುತ್ತಾರೆ. ಕೋಳಿ, ಕುರಿ ನಿಮ್ಮ ನಿಮ್ಮ ಮನೆಯಲ್ಲಿ ಮಾಡಿಕೊಳ್ಳಿ. ಚರ್ಚಿನ ಅಂಗಳದಲ್ಲಿ ಒಂದೇ ಪಂಕ್ತಿಗೆ ಊರವರು ಎಲ್ಲರೂ ಕೂರಬೇಕು. ಗೋದಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು, ಸಂಡಿಗೆ.

ಹುಗ್ಗಿಯ ಲೆಕ್ಕ ಗಟ್ಟಿಯಾಗಿ ಹೇಳುತ್ತೇನೆ, ತಪ್ಪುವುದು ಇಲ್ಲೇ. 250 ಜನಕ್ಕೆ ಕುಟ್ಟಿದ ಗೋದಿ 8 ಕೆಜಿ, ಬೆಲ್ಲ 9 ಕೆಜಿ, ಒಣಕೊಬ್ಬರಿ 2 ಕೆಜಿ, ಗಸಗಸೆ ಕಾಲು ಕೆಜಿ, ಯಾಲಕ್ಕಿ 50 ಗ್ರಾಂ, ಒಣಶುಂಠಿ ಸ್ವಲ್ಪ. ಹಾಲು ಬೇರೆ ಇಟ್ಟು ಬಡಿಸುವಾಗ ಹಾಕಿ. ಗೋದಿಯನ್ನು ಹಿಂದಿನ ರಾತ್ರಿ ನೆನೆಹಾಕಿ. ಮುಂಜಾನೆ ನಾಲ್ಕಕ್ಕೆ ಒಲೆ ಹೊತ್ತಬೇಕು. ಕಾಳು ಅರಳಿ, ಎರಡು ಬೆರಳಿನ ನಡುವೆ ಹಿಚುಕಿದರೆ ಗಟ್ಟಿ ನಡು ಸಿಗದ ಹಾಗೆ ಬೇಯಬೇಕು. ಅಲ್ಲಿಯ ತನಕ ಬೆಲ್ಲ ತೋರಿಸಲೂಬೇಡಿ. ಬೆಲ್ಲ ಬಿದ್ದ ಮೇಲೆ ಕಾಳು ಇನ್ನು ಬೇಯುವುದಿಲ್ಲ, ಎಷ್ಟು ಹೊತ್ತು ಕುದಿಸಿದರೂ ಹಲ್ಲಿಗೆ ಸಿಗುತ್ತದೆ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿ. ಮಹಾಲಿಂಗಪುರದ ಒಳ್ಳೇ ಬೆಲ್ಲದಲ್ಲೂ ಕಬ್ಬಿನ ಸಿಪ್ಪೆ, ಮರಳು ಇದ್ದೇ ಇರುತ್ತದೆ. ಬೆಲ್ಲ ಹಾಕಿದ ಮೇಲೆ ಉರಿ ಇಳಿಸಿ, ಹುಟ್ಟಿನಿಂದ ತಿರುವುವುದನ್ನು ನಿಲ್ಲಿಸಬೇಡಿ.

ನಿಲ್ಲಿಸಿದರೆ ಏನಾಗುತ್ತದೆ? ನಮ್ಮ ನಾದಿನಿಗೆ ಫೋನ್ ಬಂತು, ಎರಡು ನಿಮಿಷ ಅಂದಳು, ತಳ ಹತ್ತಿತು. ಗಾಬರಿಯಲ್ಲಿ ನಾನು ತಳ ಕೆರೆದೆ. ಪೂರಾ ಹಂಡೆಗೆ ಹೊಗೆ ವಾಸನೆ. ಕೆರೆಯಬಾರದಿತ್ತು. ತಳ ಹತ್ತಿದ ವಾಸನೆ ಬಂದ ಕೂಡಲೇ ಹಂಡೆ ಇಳಿಸಿ, ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ತೋಡಿಕೊಳ್ಳಿ, ತಳದ ನಾಲ್ಕು ಬೆರಳು ಹಾಗೇ ಬಿಟ್ಟುಬಿಡಿ. ಅವತ್ತು ಯಾರೂ ಏನೂ ಅನ್ನದೆ ಉಂಡರು. ಒಬ್ಬ ಕಾಕಾ ಮಾತ್ರ, "ಯವ್ವಾ, ಹುಗ್ಗಿಗೆ ಊದುಬತ್ತಿ ಹಚ್ಚಿದ್ರೇನು?" ಅಂದರು. ಈಗಲೂ ಸಿಕ್ಕಾಗ ಕೇಳುತ್ತಾರೆ.

25ರ ಆರಾಧನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಸಭಾಪಾಲಕರ ಕೆಲಸ. ನಮ್ಮ ಸಭಾಪಾಲಕರಿಗೆ ಮೂರು ಊರು, ನಮ್ಮದು ಎರಡನೆಯದು. ಏಳೂವರೆಗೆ ಅಂದರೆ ಎಂಟೂಕಾಲಿಗೆ ಮೋಟಾರ್‌ಸೈಕಲ್ ಸದ್ದು ಕೇಳುತ್ತದೆ. ಆ ಮುಕ್ಕಾಲು ಗಂಟೆಗೆ ಆರು ಹಾಡು ತಯಾರು ಇಟ್ಟಿರಿ. ಅವರು ಬಂದ ಕೂಡಲೇ ಬಿಸಿ ಚಹಾ, ಒಂದು ಕರ್ಚಿಕಾಯಿ ಕೊಡಿ. ಮೂರನೇ ಊರಿನ ತನಕ ಅವರು ಏನೂ ತಿಂದಿರುವುದಿಲ್ಲ. ಕರೆಂಟ್ ಹೋಗುವುದು ಖಂಡಿತ ಅಂತಲೇ ತಿಳಿದು ನಾಲ್ಕು ಕಂದೀಲಿಗೆ ಎಣ್ಣೆ ತುಂಬಿಸಿಡಿ, 24ರ ರಾತ್ರಿಗೂ 31ರ ರಾತ್ರಿಗೂ.

ಹಬ್ಬ 25ಕ್ಕೆ ಮುಗಿಯಿತು ಅಂತ 26ಕ್ಕೇ ಗೋದಲಿ ಬಿಚ್ಚುವವರಿದ್ದಾರೆ. ಬಿಚ್ಚಬೇಡಿ. ಜೋಯಿಸರ ಗೊಂಬೆಗಳನ್ನು 25ರಂದು ದೂರದ ಕಿಟಕಿಯಲ್ಲಿ ನಿಲ್ಲಿಸಿ, ದಿನಾ ಒಂದು ಗೇಣು ಮುಂದಕ್ಕೆ ಸರಿಸಿ. ಸರಿಸುವ ಕೆಲಸ ಮಕ್ಕಳಿಗೆ, ದಿನಕ್ಕೊಬ್ಬರು. ಜೋಯಿಸರು ಕೂಸನ್ನು ಕಂಡ ನೆನಪಿನ ದಿನವಾದ ಜನವರಿ 6ಕ್ಕೆ ಅವು ಗ್ವಾದಲಿ ಮುಟ್ಟಬೇಕು. ನಮ್ಮಲ್ಲಿ ಒಂದು ವರ್ಷ ಹುಡುಗರ ಅವಸರಕ್ಕೆ 31ಕ್ಕೇ ಬಂದು ನಿಂತಿದ್ದವು, ವಾಪಸು ಕಳಿಸಿದೆವು.

6ರ ಸಂಜೆ ಬಿಚ್ಚುವುದು. ನಕ್ಷತ್ರದ ಹಾಳೆ ಹರಿದು, ಚೌಕಟ್ಟು ಅಟ್ಟಕ್ಕೆ. ಮಣ್ಣೆತ್ತು ಹೊಟ್ಟಿನ ಡಬ್ಬಿಗೆ. ಮರಿಯಳ ಸೀರೆ, ಕೂಸಿನ ಬಟ್ಟೆ ಬೇವಿನ ಎಲೆ ಹಾಕಿ ನನ್ನ ಟ್ರಂಕಿಗೆ. ಕಣಿಕೆ ಯಾರ ಬಣವೆಯಿಂದ ಬಂತೋ ಅವರ ದನಕ್ಕೆ. ಗೋದಿ ಹೊಲವನ್ನು ಪರಾತ ಸಮೇತ ಆ ಆಡಿನ ಮುಂದೆ ಇಡುತ್ತೇವೆ, ಈಗ ಅದು ಮುದಿಯಾಗಿದೆ, ಅರ್ಧ ತಿಂದು ಬಿಡುತ್ತದೆ. ಅವತ್ತೇ ರಾತ್ರಿ ನೋಟ್‌ಬುಕ್ ತೆಗೆದು ಮುಂದಿನ ವರ್ಷಕ್ಕೆ ಬರೆದಿಡಿ, ನಾಳೆಗೆ ಮರೆತಿರುತ್ತದೆ. ಹೋದ ಸಲದ ನನ್ನ ಪುಟದಲ್ಲಿ ಇಷ್ಟಿದೆ: ಬೆಲ್ಲ 9 ಸಾಕು, 10 ತಂದದ್ದು ಉಳಿಯಿತು. ಪೇಟಿಯ ಮೂರನೇ ಸ್ವರ ಕೂಗುತ್ತಿಲ್ಲ, ಸುಗ್ಗಿಯೊಳಗೆ ರಿಪೇರಿ. ಮೇದಾರ ಕಾಕಾಗೆ 40 ರೂಪಾಯಿ ಕೊಡುವುದಿದೆ. ಬದನೆಕಾಯಿ ಪಲ್ಯಕ್ಕೆ ಉಪ್ಪು ನಾನೇ ನೋಡಬೇಕು.